ಅರ್ಧ ಬೆರಳಿನಷ್ಟು ಅಂಚು

ಒಂದು ದೇಶದ ಸೈನ್ಯ ಹೇಗೆ ಕಟ್ಟಿಕೊಂಡಿದೆ ಎಂದು ತಿಳಿಯಲು ದಪ್ಪ ದಪ್ಪ ಪುಸ್ತಕಗಳಿವೆ. ಪಟ್ಟಿಯಮ್ಮ ಅವುಗಳಲ್ಲಿ ಒಂದನ್ನೂ ಓದಿದವಳಲ್ಲ. ಆದರೂ ಬ್ಯಾರಕ್ಕಿಗೆ ಹೊಸದಾಗಿ ಬಂದ ಲೆಫ್ಟಿನೆಂಟುಗಳು ಪರೀಕ್ಷೆಗೆ ಮುಂಚೆ ಅವಳ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಸಿಪಾಯಿಗಳ ತೋಳಿಗೆ ಹುದ್ದೆಯ ಪಟ್ಟಿಗಳನ್ನು ಹೊಲಿದು ಹೊಲಿದೇ ಅವಳಿಗೆ ಆ ಹೆಸರು ಬಂದಿತ್ತು; ಸೈನ್ಯವೂ ಅವಳಿಗೆ ಅರ್ಥವಾದದ್ದು ಪಟ್ಟಿಗಳಿಂದಲೇ. ಹತ್ತು ಜನರ ಒಂದು ಸೆಕ್ಷನ್ನಿಗೆ ಎರಡು ಪಟ್ಟಿಯವನೊಬ್ಬ. ಮೂರು ಸೆಕ್ಷನ್ ಸೇರಿದರೆ ಪ್ಲಟೂನು, ಅಲ್ಲಿ ಮೂರು ಪಟ್ಟಿಯವನೊಬ್ಬ. ಮೂರು ಪ್ಲಟೂನಿಗೆ ಒಂದು ಕಂಪನಿ, ನಾಲ್ಕು ಕಂಪನಿಗೆ ಒಂದು ಬೆಟಾಲಿಯನ್ನು.

"ಎರಡು ಪಟ್ಟಿ ಒಂಬತ್ತು ಜೊತೆ ಬೇಗ ಬೇಕು ಅಂದ್ರೆ ಒಂದು ಕಂಪನಿ ಹೊರಟಿದೆ ಅಂತ. ಮೂವತ್ತಾರು ಜೊತೆ ಅಂದ್ರೆ ಬೆಟಾಲಿಯನ್ನೇ ಹೊರಟಿದೆ ಅಂತ. ಅವತ್ತು ನೀವು ಪೇಪರ್ ಓದೋದೇ ಬೇಡ," ಎನ್ನುತ್ತಿದ್ದಳು.

ಅಂಗಡಿ ಎಂದರೆ ಬ್ಯಾರಕ್ಕಿನ ದೊಡ್ಡ ಗೇಟಿನ ಎದುರಿಗಿದ್ದ ಒಂದೇ ಒಂದು ಕೋಣೆ. ಕಿಟಕಿ ಪರೇಡ್ ಮೈದಾನದ ಕಡೆಗೆ. ಒಳಗೆ ಎರಡು ಮೇಜು, ಬಟ್ಟೆ ಬಿಗಿಯುವ ಮರದ ಚೌಕಟ್ಟು, ಮಗಳ ಹೊಲಿಗೆ ಯಂತ್ರ, ಗೋಡೆಯ ಮೇಲೊಂದು ಹಲಗೆ. ಹಲಗೆಗೆ ಚುಚ್ಚಿಟ್ಟ ಬ್ಯಾಡ್ಜುಗಳನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದರೆ ಸೈನ್ಯದ ಚರಿತ್ರೆ ಮುಗಿಯಿತು. ಮೊದಲು ಇದ್ದದ್ದು ಮೂರೇ ರೆಜಿಮೆಂಟು. ಗಡಿಯ ತಕರಾರು ಜೋರಾದ ಮೇಲೆ ಆರಾಯಿತು. ಆಮೇಲೆ ಒಂದೇ ದಿನ, ಒಂದೇ ಆದೇಶದಲ್ಲಿ ಇನ್ನೂ ಆರು ಹುಟ್ಟಿಕೊಂಡವು; ಯಾವುದಕ್ಕೆ ಯಾವ ಸಂಖ್ಯೆ ಎಂದು ಚೀಟಿ ಎತ್ತಿದರಂತೆ. ಕುದುರೆ ದಳದವರು ಕುದುರೆ ಇಳಿದು ಟ್ಯಾಂಕು ಹತ್ತಿ ಎಷ್ಟೋ ವರ್ಷವಾಗಿದ್ದರೂ ತೋಳಿನ ಮೇಲಿನ ಲಾಳ ಬಿಟ್ಟಿರಲಿಲ್ಲ. ವಾಯುಸೇನೆ ಮೊದಲು ಭೂಸೇನೆಯ ಒಂದು ಮೂಲೆಯಲ್ಲಿತ್ತು. ಬೇರೆಯಾದ ವಾರವೇ ರೆಕ್ಕೆಯ ಬ್ಯಾಡ್ಜು ಹೊಲಿಸಿಕೊಂಡಿತು. "ಬೇರೆ ಮನೆ ಮಾಡಿದ ತಮ್ಮ ಮೊದಲು ಬಾಗಿಲಿಗೆ ಬೋರ್ಡು ಹಾಕ್ತಾನೆ ನೋಡಿ, ಹಾಗೆ," ಎಂದು ಪಟ್ಟಿಯಮ್ಮ ನಗುತ್ತಿದ್ದಳು.

ಆ ಬ್ಯಾರಕ್ಕಿನಲ್ಲಿ ಇದ್ದದ್ದು ಎರಡು ರೆಜಿಮೆಂಟು, ಏಳನೆಯದು ಮತ್ತು ಹನ್ನೆರಡನೆಯದು. ಎರಡಕ್ಕೂ ಭುಜದ ಮೇಲೆ ಗುರಾಣಿಯ ಆಕಾರದ ಹಸಿರು ಬ್ಯಾಡ್ಜು, ನಡುವೆ ಸಂಖ್ಯೆ, ಸುತ್ತ ಕೆಂಪು ಅಂಚು. ವ್ಯತ್ಯಾಸ ಒಂದೇ. ಹನ್ನೆರಡನೆಯದರ ಅಂಚು ಪೂರ್ತಿ ಸುತ್ತು ಬಂದಿತ್ತು. ಏಳನೆಯದರದು ಎಡಗಡೆ ಕೆಳಗೆ ಅರ್ಧ ಬೆರಳಿನಷ್ಟು ಜಾಗ ಬಿಟ್ಟಿತ್ತು.

ಆ ಬಿಟ್ಟ ಜಾಗಕ್ಕೆ ದೊಡ್ಡ ಕಥೆ. ಹಿಂದಿನ ಯುದ್ಧದಲ್ಲಿ ಗಡಿಯ ನದಿಯ ಸೇತುವೆ ಮೇಲೆ ಸತ್ತು, ಸಾಲಿಗೆ ಮರಳಿ ಬಾರದ ಸಿಪಾಯಿಗಳ ನೆನಪಿಗೆ ಅಂಚನ್ನು ಅಲ್ಲಿ ಕಡಿದು ಬಿಟ್ಟಿದ್ದಾರೆ ಎಂದು ಏಳನೆಯ ರೆಜಿಮೆಂಟಿನ ಚರಿತ್ರೆ ಪುಸ್ತಕದಲ್ಲಿ ಬಣ್ಣದ ಚಿತ್ರದ ಸಮೇತ ಅಚ್ಚಾಗಿತ್ತು. ಬೆಳಗಿನ ಪರೇಡಿಗೆ ಮುಂಚೆ ಏಳನೆಯವರು ಎಂಟುನೂರು ಜನ ಹೆಬ್ಬೆರಳಿನಿಂದ ಆ ಜಾಗವನ್ನು ಒಮ್ಮೆ ಮುಟ್ಟಿಕೊಂಡು ನಿಲ್ಲುತ್ತಿದ್ದರು. ಪಟ್ಟಿಯಮ್ಮ ಕಿಟಕಿಯಿಂದ ನೋಡಿ ಬಾಯಿ ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಏಕೆಂದರೆ ಅಲ್ಲಿ ಅಂಚು ಇಲ್ಲದಿರುವುದಕ್ಕೆ ಕಾರಣ, ಅವತ್ತು ಕೆಂಪು ದಾರ ಮುಗಿದುಹೋಗಿತ್ತು.

ನಲವತ್ತೊಂದು ವರ್ಷದ ಹಿಂದಿನ ಮಾತು. ಅವಳಿಗೆ ಇಪ್ಪತ್ತೆರಡು, ಮೊದಲ ಬಸುರಿ. ಗಂಡ ಹನ್ನೆರಡನೆಯದರಲ್ಲಿ ಎರಡು ಪಟ್ಟಿಯವನು. ಅತ್ತೆ ಈ ಅಂಗಡಿಯ ಯಜಮಾನಿ. ಎಲ್ಲ ರೆಜಿಮೆಂಟಿಗೂ ಭುಜದ ಬ್ಯಾಡ್ಜು ಆಗಬೇಕೆಂದು ಮೇಲಿನಿಂದ ಆಗಷ್ಟೇ ಆದೇಶ ಬಂದಿತ್ತು. ಸೈನ್ಯದಲ್ಲಿ ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಒಂದೇ ಒಂದು ಮಾದರಿ ಹೊಲಿಸುತ್ತಾರೆ. ಅದನ್ನು ರಟ್ಟಿಗೆ ಕಟ್ಟಿ, ಗಂಟಿನ ಮೇಲೆ ಅರಗು ಒತ್ತಿ, ಅಧಿಕಾರಿ ಸಹಿ ಹಾಕುತ್ತಾನೆ. ಆಮೇಲೆ ಯಾವ ಊರಿನ ಯಾವ ಕಾರ್ಖಾನೆ ಎಷ್ಟು ಸಾವಿರ ಹೊಲಿದರೂ ಆ ಮಾದರಿಯ ಹಾಗೇ ಇರಬೇಕು; ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಪಟ್ಟಿಯಮ್ಮ ಮೊದಲು ಹೊಲಿದದ್ದು ಹನ್ನೆರಡನೆಯದರ ಮಾದರಿ. ಗಂಡನ ರೆಜಿಮೆಂಟು ಎಂಬ ಪ್ರೀತಿಗೆ ಅಂಚಿಗೆ ಎರಡು ಸುತ್ತು ಹಾಕುವ ಕಡೆ ಮೂರು ಸುತ್ತು ಹಾಕಿದಳು. ಯಾರೂ ಕೇಳಲಿಲ್ಲ, ಇವಳು ಹೇಳಲಿಲ್ಲ. ಏಳನೆಯದರ ಸರದಿ ಬಂದಾಗ ಅರ್ಧ ಬೆರಳು ಉಳಿದಿದೆ ಎನ್ನುವಾಗ ದಾರ ಮುಗಿಯಿತು. ಚೌಕಟ್ಟನ್ನು ಮೇಜಿನ ಮೇಲಿಟ್ಟು, ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಎರಡು ಬೀದಿ ಆಚೆಯ ಅಂಗಡಿಗೆ ಹೋಗಿ ದಾರ ಹಿಡಿದು ವಾಪಸು ಬರುವಷ್ಟರಲ್ಲಿ ಸೈನ್ಯದ ಉಗ್ರಾಣದವರು ಬಂದು ಹೋಗಿದ್ದರು. ಅತ್ತೆ ಮಾದರಿಯನ್ನು ಚೌಕಟ್ಟಿನಿಂದ ಬಿಚ್ಚಿ, ನೀಟಾಗಿ ಇಸ್ತ್ರಿ ಮಾಡಿ ಕೊಟ್ಟು ಕಳಿಸಿದ್ದಳು.

"ಮುಗಿದ ಹಾಗೇ ಇತ್ತಲ್ಲೇ," ಎಂದಳು ಅತ್ತೆ. ಸಾಯುವ ತನಕ ಆ ಮಾತಿನಿಂದ ಒಂದಿಂಚೂ ಕದಲಲಿಲ್ಲ.

ಪಟ್ಟಿಯಮ್ಮ ಏದುಸಿರು ಬಿಡುತ್ತ ಉಗ್ರಾಣಕ್ಕೆ ಓಡಿದಳು. ಅಷ್ಟರಲ್ಲಿ ಅರಗು ಬಿದ್ದಿತ್ತು. "ಸ್ವಾಮಿ, ಅದು ಇನ್ನೂ ಮುಗಿದಿಲ್ಲ. ಐದು ನಿಮಿಷ ಕೊಡಿ," ಎಂದಳು. ಅಲ್ಲಿನ ಗುಮಾಸ್ತ ಅವಳನ್ನೂ ಮಾದರಿಯನ್ನೂ ಒಮ್ಮೆ ನೋಡಿ, "ಸೀಲ್ ಬಿತ್ತಲ್ಲಮ್ಮ. ಇನ್ನು ಮಾದರಿಯಲ್ಲಿ ಹೇಗಿದೆಯೋ ಹಾಗೆ," ಎಂದ. ತಿಂಗಳೊಳಗೆ ದೂರದ ಕಾರ್ಖಾನೆಯಿಂದ ಎಂಟುನೂರು ಬ್ಯಾಡ್ಜು ಬಂತು. ಎಂಟುನೂರಕ್ಕೂ ಅದೇ ಜಾಗದಲ್ಲಿ ಅರ್ಧ ಬೆರಳು ಖಾಲಿ.

ಮಾದರಿ ಕೊಟ್ಟ ಏಳು ತಿಂಗಳಿಗೆ ಯುದ್ಧ ಬಂತು. ಸೇತುವೆಯನ್ನು ಮೂರು ದಿನ ಹಿಡಿದು ನಿಂತವರು ಹನ್ನೆರಡನೆಯವರು. ಅವರಲ್ಲಿ ಮೂವತ್ತೊಂದು ಜನ ಹಿಂದಿರುಗಲಿಲ್ಲ. ನಾಲ್ಕು ತಿಂಗಳ ಮಗಳ ಮುಖವನ್ನು ಒಂದೇ ಸಲ ನೋಡಿದ್ದ ಆ ಎರಡು ಪಟ್ಟಿಯವನೂ ಅವರಲ್ಲಿ ಒಬ್ಬ. ಏಳನೆಯವರು ಬಂದು ಮುಟ್ಟಿದ್ದು ನಾಲ್ಕನೆಯ ದಿನ. ಸತ್ತವರನ್ನು ಹೊತ್ತು ತಂದವರು ಅವರೇ. ಎರಡೂ ರೆಜಿಮೆಂಟು ಒಂದೇ ಬ್ರಿಗೇಡಿನ ಕೆಳಗೆ ಇದ್ದವಲ್ಲ, ಬ್ರಿಗೇಡಿನ ದಿನಚರಿಯಲ್ಲಿ ಗೆಲುವನ್ನು ಇಬ್ಬರ ಹೆಸರಿಗೂ ಸಮಸಮ ಬರೆದು ಕೈ ತೊಳೆದುಕೊಂಡರು.

ಹದಿನೈದು ವರ್ಷ ಕಳೆದ ಮೇಲೆ ತಪಾಸಣೆಗೆ ಬಂದ ಒಬ್ಬ ದೊಡ್ಡ ಜನರಲ್ ಏಳನೆಯ ರೆಜಿಮೆಂಟಿನ ಭುಜದ ಮೇಲೆ ಬೆರಳಿಟ್ಟು, "ಇಲ್ಲೇಕೆ ಖಾಲಿ?" ಎಂದು ಕೇಳಿದ. ಪಕ್ಕದಲ್ಲಿದ್ದ ಮೇಜರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮೇಜರುಗಳಿಗೆ ಕಲಿಸುವ ಪಾಠದಲ್ಲಿಲ್ಲ. ಅವನ ಬಾಯಿಗೆ ಸೇತುವೆ ಬಂತು. ಜನರಲ್ ಟೋಪಿ ತೆಗೆದ. ಆಮೇಲೆ ಅದನ್ನು ಸುಳ್ಳು ಎನ್ನುವ ಧೈರ್ಯ ಯಾರಿಗಿದೆ?

ಪಟ್ಟಿಯಮ್ಮನಿಗೆ ಅದರಿಂದ ಕೋಪವೇನೂ ಬರಲಿಲ್ಲ. ಅವಳಿಗೆ ಬೇಕಾದದ್ದು ಬೇರೆ ಇತ್ತು, ಅದು ವರ್ಷಕ್ಕೊಮ್ಮೆ ಸಿಗುತ್ತಿತ್ತು. ಸೇತುವೆಯ ಕಾಳಗದ ದಿನ ಬೆಳಿಗ್ಗೆ ಹನ್ನೆರಡನೆಯವರು ಹಾಜರಿ ಕೂಗುವಾಗ ಆ ಮೂವತ್ತೊಂದು ಹೆಸರನ್ನೂ ಒಂದೊಂದಾಗಿ ಕೂಗುತ್ತಿದ್ದರು. ಒಂದೊಂದು ಹೆಸರಿಗೂ ಇಡೀ ರೆಜಿಮೆಂಟು ಒಂದೇ ದನಿಯಲ್ಲಿ, "ಸೇತುವೆ ಮೇಲಿದ್ದಾನೆ!" ಎಂದು ಉತ್ತರ ಕೊಡುತ್ತಿತ್ತು. ಹತ್ತೊಂಬತ್ತನೆಯ ಹೆಸರು ಅವಳ ಗಂಡನದು. ಅವತ್ತು ಅವಳು ಯಂತ್ರ ನಿಲ್ಲಿಸಿ, ಕಿಟಕಿ ತೆರೆದು, ಕೈಕಟ್ಟಿ ನಿಂತು ಎಣಿಸುತ್ತ ಕಾಯುತ್ತಿದ್ದಳು. ನಲವತ್ತು ವರ್ಷ ಒಂದು ಸಲವೂ ತಪ್ಪಿಸಿಕೊಂಡಿರಲಿಲ್ಲ.

ಈ ವರ್ಷದ ಆರಂಭದಲ್ಲಿ ಸೈನ್ಯವನ್ನು ಸಣ್ಣದು ಮಾಡುವ ಆದೇಶ ಬಂತು. ಹನ್ನೆರಡು ರೆಜಿಮೆಂಟು ಒಂಬತ್ತಾಗಬೇಕು. ಏಳು ಮತ್ತು ಹನ್ನೆರಡು ಸೇರಿ ಒಂದಾಗಬೇಕು. ಸುದ್ದಿ ತಂದವನು ಹನ್ನೆರಡನೆಯದರ ಹಿರಿಯ ಸಾರ್ಜೆಂಟು, ದನಿಯ ಜೋರಿಗೆ ಎಲ್ಲರೂ ಗುಡುಗು ಎನ್ನುತ್ತಿದ್ದವನು. ಪ್ರತಿವರ್ಷ ಆ ಹೆಸರುಗಳನ್ನು ಕೂಗುತ್ತಿದ್ದವನು ಅವನೇ. ಅವತ್ತು ಮಾತ್ರ ಪಿಸುದನಿಯಲ್ಲಿ ಮಾತಾಡಿದ.

"ಎರಡರಲ್ಲಿ ಒಂದು ನಂಬರ್ ಉಳಿಯುತ್ತೆ ಅಮ್ಮಾ, ಇನ್ನೊಂದು ಮುಚ್ಚುತ್ತೆ. ಎರಡೂ ಹುಟ್ಟಿದ್ದು ಒಂದೇ ದಿನ, ಗೆದ್ದಿದ್ದು ಒಂದೇ ಯುದ್ಧ. ಅದಕ್ಕೇ, ಯುದ್ಧದಲ್ಲಿ ಗಳಿಸಿದ ವಿಶೇಷ ಗುರುತು ಯಾರಿಗಿದೆಯೋ ಅವರದ್ದು ಉಳೀಲಿ ಅಂತ ಕಮಿಟಿ ಮಾಡಿದ್ದಾರೆ."

"ಅಂದ್ರೆ ಆ ಖಾಲಿ ಜಾಗ?"

"ಅದೇ. ನಮ್ಮದು ಅಂಚು ಪೂರ್ತಿ ಇದೆಯಲ್ಲ, ನಮಗೆ ಗುರುತಿಲ್ಲ."

"ಹಾಜರಿ ಪುಸ್ತಕ ಏನಾಗುತ್ತೆ?"

"ರೆಜಿಮೆಂಟು ಮುಚ್ಚಿದ್ರೆ ಅದರ ಪುಸ್ತಕಾನೂ ಮುಚ್ಚುತ್ತೆ. ಮ್ಯೂಸಿಯಂನಲ್ಲಿ ಗಾಜಿನೊಳಗೆ ಇಡ್ತಾರಂತೆ. ಹೆಸರು ಕೂಗೋಕೆ ಆಗಲ್ಲ ಅಮ್ಮಾ. ಕೂಗಿದ್ರೆ ಯಾವ ರೆಜಿಮೆಂಟು ಅಂತ ಉತ್ತರ ಕೊಡೋದು?"

ಅವನು ಹೋದ ಮೇಲೆ ಪಟ್ಟಿಯಮ್ಮ ಚೌಕಟ್ಟಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು. ಯಂತ್ರದ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದ ಮಗಳು ತಡೆಯಲಾರದೆ ಎದ್ದು ಬಂದಳು. ನಲವತ್ತು ದಾಟಿದ ಹೆಂಗಸು; ಬಾಯಿ ಮಾತ್ರ ಥೇಟ್ ಅಜ್ಜಿಯದು.

"ಹೋಗಿ ಹೇಳಮ್ಮಾ. ದಾರ ಮುಗಿದಿತ್ತು, ಅಷ್ಟೇ, ಅಂತ."

"ನನ್ನ ಮಾತು ಯಾರು ಕೇಳ್ತಾರೆ?"

"ಚೀಟಿ ಇದೆಯಲ್ಲ."

ಇತ್ತು. ಮಾದರಿ ಮುಟ್ಟಿದೆ ಎಂದು ಉಗ್ರಾಣದವರು ತಾರೀಖು ಹಾಕಿ ಕೊಟ್ಟ ಚೀಟಿಯನ್ನು ಅತ್ತೆ ಗುಂಡಿಯ ಡಬ್ಬಿಯಲ್ಲಿ ಇಟ್ಟಿದ್ದಳು. ಅತ್ತೆ ಯಾವ ಕಾಗದವನ್ನೂ ಎಸೆದವಳಲ್ಲ. ತಾರೀಖು ಯುದ್ಧಕ್ಕಿಂತ ಏಳು ತಿಂಗಳು ಮುಂಚಿನದು. ಮುಂದೆ ಸಾಯುವವರ ನೆನಪಿಗೆ ಏಳು ತಿಂಗಳು ಮೊದಲೇ ಯಾರೂ ಅಂಚು ಕಡಿಯುವುದಿಲ್ಲ.

ಕಮಿಟಿಯಲ್ಲಿ ಮೂರು ಜನ. ನಡುವೆ ಕೂತಿದ್ದ ಕರ್ನಲ್, ಹಿಂದೊಮ್ಮೆ ಇವಳ ಮೆಟ್ಟಿಲ ಮೇಲೆ ಕೂತು ಪಟ್ಟಿಗಳ ಪಾಠ ಹೇಳಿಸಿಕೊಂಡಿದ್ದ ಏಳನೆಯದರ ಲೆಫ್ಟಿನೆಂಟು. ಎದ್ದು ನಿಂತು ಕುರ್ಚಿ ಕೊಟ್ಟ. ಟೀ ತರಿಸಿದ. ಪಟ್ಟಿಯಮ್ಮ ಎಲ್ಲವನ್ನೂ ಹೇಳಿದಳು: ಮೂರು ಸುತ್ತು ಹಾಕಿದ ತನ್ನ ಪಕ್ಷಪಾತವನ್ನೂ ಬಿಡದೆ. ಹೇಳುವಾಗ ಕಿವಿ ಬಿಸಿಯಾಯಿತು. ಕೆಂಪು ದಾರದ ಆ ಕಳ್ಳತನವನ್ನು ಅವಳು ನಲವತ್ತೊಂದು ವರ್ಷದಲ್ಲಿ ಯಾರ ಮುಂದೆಯೂ ಆಡಿರಲಿಲ್ಲ, ಮಗಳ ಮುಂದೆಯೂ.

ಎಡಗಡೆಯ ಅಧಿಕಾರಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಮಾದರಿ ಕೊಟ್ಟ ತಾರೀಖು ಸರಿ. ಆದರೆ ಆ ಮಾದರಿಯಲ್ಲಿ ಜಾಗ ಖಾಲಿ ಇತ್ತು ಅಂತ ಇದರಲ್ಲಿ ಬರೆದಿಲ್ಲವಲ್ಲ," ಎಂದ. ಮೂಲ ಮಾದರಿ ಉಗ್ರಾಣ ಸ್ಥಳ ಬದಲಿಸಿದಾಗ ಕಳೆದುಹೋಗಿತ್ತು. ಬಲಗಡೆಯವನು ಚರಿತ್ರೆ ಪುಸ್ತಕ ತಿರುವಿ, "ಇಲ್ಲಿ ಸ್ಪಷ್ಟವಾಗಿದೆ," ಎಂದ. ಅಚ್ಚಾದದ್ದರ ಮುಂದೆ ನೆನಪು ಎಷ್ಟು ಹೊತ್ತು ನಿಂತೀತು? ಹೇಳಿಕೆಯನ್ನು ಬರೆದುಕೊಂಡು, ಸಹಿ ಹಾಕಿಸಿಕೊಂಡು ಕಳಿಸಿಕೊಟ್ಟರು.

ಕರ್ನಲ್ ಗೇಟಿನವರೆಗೂ ಜೊತೆಗೆ ಬಂದ.

"ಅಮ್ಮಾ, ನೀವು ಹೇಳಿದ್ದನ್ನ ನಾನು ನಂಬ್ತೀನಿ."

"ನಂಬಿದ್ರೆ ಹಾಗೇ ಬರೀಬೇಕಿತ್ತು."

ಅವನು ಮೈದಾನದ ಕಡೆ ನೋಡಿದ. "ಎಂಟುನೂರು ಹುಡುಗರು ದಿನಾ ಬೆಳಗ್ಗೆ ಅದನ್ನ ಮುಟ್ಕೊಂಡು ನಿಲ್ತಾರೆ. ನಾನೂ ಮುಟ್ಕೊಂಡು ನಿಂತವನೇ. ಅವರಿಗೆ ಏನಂತ ಹೇಳ್ಲಿ? ದಾರ ಮುಗಿದಿತ್ತು ಅಂತಲಾ?"

ಆ ಹುಡುಗರ ಮೇಲೆ ಪಟ್ಟಿಯಮ್ಮನಿಗೆ ಯಾವ ಸಿಟ್ಟೂ ಇರಲಿಲ್ಲ. ಅವರ ಹಿರಿಯರೇ ಅವಳ ಗಂಡನನ್ನು ಹೊತ್ತು ತಂದಿದ್ದರು. ಕರ್ನಲ್ ಮೇಲೆ ಮಾತ್ರ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು, ಅವನು ಹೇಳಿದ್ದು ಪೂರ್ತಿ ತಪ್ಪಲ್ಲ ಎಂಬುದಕ್ಕೆ ಇನ್ನಷ್ಟು.

ಮೂರು ವಾರಕ್ಕೆ ತೀರ್ಮಾನ ಬಂತು. ಏಳು ಉಳಿಯಿತು. ಹನ್ನೆರಡು ಮುಚ್ಚಿತು. ಹನ್ನೆರಡನೆಯವರೆಲ್ಲ ಇನ್ನು ಮುಂದೆ ಏಳನೆಯ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನು. ಬಾವುಟ ಸುತ್ತಿ, ಹಾಜರಿ ಪುಸ್ತಕದ ಜೊತೆ ಒಂದು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಲಾರಿಗೆ ಹತ್ತಿಸಿದರು. ಆ ಕೊನೆಯ ಪರೇಡಿನಲ್ಲಿ ಗುಡುಗು ಸಾಲಿನಲ್ಲೇ ನಿಂತ; ಆಜ್ಞೆ ಕೂಗಲು ಬೇರೆಯವರು ಬರಬೇಕಾಯಿತು.

ಹೊಸ ರೆಜಿಮೆಂಟಿಗೆ ಹೊಸ ಬ್ಯಾಡ್ಜು ಬೇಕು, ಬಟ್ಟೆ ಈಗ ಬೇರೆ ಬಗೆಯದು, ಹಳೆಯ ಮಾದರಿಯೂ ಇಲ್ಲ. ಹಾಗಾಗಿ ಮಾದರಿ ಹೊಲಿಯುವ ಕೆಲಸ ಮತ್ತೆ ಗೇಟಿನ ಎದುರಿನ ಅಂಗಡಿಗೇ ಬಂತು. ಕಾಗದದಲ್ಲಿ ಹೀಗಿತ್ತು: ಹಸಿರು ನೆಲ, ನಡುವೆ ಏಳು, ಕೆಂಪು ಅಂಚು, ಎಡಗಡೆ ಕೆಳಗೆ ಅರ್ಧ ಬೆರಳು ಬಿಡುವುದು.

"ಒಲ್ಲೆ ಅನ್ನಮ್ಮಾ. ಬೇರೆ ಯಾರ ಹತ್ರಾನಾದ್ರೂ ಹೊಲಿಸ್ಕೊಳ್ಳಲಿ," ಎಂದಳು ಮಗಳು.

"ಬೇರೆಯವರು ಯಾಕೆ? ತಪ್ಪು ನನ್ನದು, ನಾನೇ ಹೊಲೀತೀನಿ," ಎಂದಳು ಪಟ್ಟಿಯಮ್ಮ.

ಈ ಸಲ ದಾರ ಬೇಕಾದಷ್ಟಿತ್ತು. ಕೆಂಪು ಅಂಚನ್ನು ಎರಡೇ ಸುತ್ತು ಹಾಕಿ, ಹೇಳಿದ ಕಡೆ ನಿಲ್ಲಿಸಿದಳು. ಆಮೇಲೆ ಕನ್ನಡಕ ಒರೆಸಿಕೊಂಡು ಸಣ್ಣ ಸೂಜಿ ತೆಗೆದಳು. ಬಟ್ಟೆಯ ಹಸಿರಿಗೆ ಎಳೆಯಷ್ಟೂ ವ್ಯತ್ಯಾಸವಿಲ್ಲದ ಹಸಿರು ದಾರ ಪೋಣಿಸಿ, ಆ ಖಾಲಿ ಜಾಗದಲ್ಲಿ ಅಡ್ಡಡ್ಡ ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕತೊಡಗಿದಳು. ಒಂದೊಂದು ಹೊಲಿಗೆ ಎಳೆದಾಗಲೂ ತುಟಿ ಅಲ್ಲಾಡುತ್ತಿತ್ತು. ನಲವತ್ತು ವರ್ಷ ಕಿಟಕಿಯಲ್ಲಿ ನಿಂತು ಕೇಳಿದ ಹೆಸರುಗಳು, ಕೇಳಿದ ಕ್ರಮದಲ್ಲೇ ಬಂದವು. ಹತ್ತೊಂಬತ್ತನೆಯದಕ್ಕೆ ಅವಳೇನೂ ಜಾಸ್ತಿ ದಾರ ಹಾಕಲಿಲ್ಲ. ಎಲ್ಲರಿಗೂ ಒಂದೇ ಅಳತೆ. ಮುಗಿದಾಗ ಕಣ್ಣಿಗೆ ಆ ಜಾಗ ಮೊದಲಿನಷ್ಟೇ ಖಾಲಿ ಕಂಡಿತು. ಬೆರಳಿಟ್ಟರೆ ಮಾತ್ರ ತಿಳಿಯುತ್ತಿತ್ತು.

ಸಹಿಗೆ ಮಾದರಿಯನ್ನು ಅವಳೇ ಒಯ್ದಳು. ಅರಗು ಬೀಳುವ ತನಕ ಅಲ್ಲೇ ನಿಂತಳು. ಒಮ್ಮೆ ಅತ್ತೆಯ ಕೈಗೆ ಬಿಟ್ಟು ಬುದ್ಧಿ ಬಂದಿತ್ತು. ಕರ್ನಲ್ ರೂಢಿಯಂತೆ ಹೆಬ್ಬೆರಳಿನಿಂದ ಆ ಜಾಗ ಮುಟ್ಟಿದ. ಬೆರಳು ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟ. ಅವಳ ಮುಖ ನೋಡಿದ. ಏನೂ ಕೇಳದೆ ಸಹಿ ಹಾಕಿದ.

ಸೇತುವೆಯ ದಿನ ಬಂತು. ಪಟ್ಟಿಯಮ್ಮ ಯಂತ್ರ ನಿಲ್ಲಿಸಿ ಕಿಟಕಿ ತೆರೆದಳು. ಮೈದಾನದಲ್ಲಿ ಎರಡು ಬೆಟಾಲಿಯನ್ನೂ ನಿಂತಿದ್ದವು. ಹಾಜರಿ ಆಯಿತು, ಬದುಕಿದ್ದವರ ಹಾಜರಿ ಮಾತ್ರ. ಬ್ಯಾಂಡು ಬಾರಿಸುತ್ತ ಹೊರಟುಹೋದರು. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಕಿಟಕಿ ಮುಚ್ಚಿ, ಮಗಳಿಗೆ ಕಾಣದಂತೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು.

ಅದೇ ವಾರ ಸಾರ್ಜೆಂಟುಗಳ ಪಟ್ಟಿಗಳ ಗಂಟು ಕೊಡಲು ಉಗ್ರಾಣಕ್ಕೆ ಹೋಗಬೇಕಾಯಿತು. ಈಗಿನ ಗುಮಾಸ್ತನಿಗೆ ಭೂತಗನ್ನಡಿ ಎಂದೇ ಹೆಸರು. ಅದು ಅವನ ಕೈಯಲ್ಲಿಲ್ಲದೆ ಅವನನ್ನು ನೋಡಿದವರಿಲ್ಲ. ಅವನ ಮೇಜಿನ ಮೇಲೆ ಹೊಸ ಬ್ಯಾಡ್ಜುಗಳ ರಾಶಿ. ಎದುರಿಗೆ ಕಾರ್ಖಾನೆಯ ಪ್ರತಿನಿಧಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಇದ್ರಲ್ಲೇನು ತಪ್ಪಿದೆ ಸಾರ್? ಅಂಚಿದೆ, ನಂಬರ್ ಇದೆ, ಬಿಟ್ಟ ಜಾಗ ಇದೆ."

"ಬಿಟ್ಟ ಜಾಗದೊಳಗೆ ನೋಡಿದ್ದೀರಾ?"

"ಅಲ್ಲೇನಿದೆ? ಹಸಿರಿನ ಮೇಲೆ ಹಸಿರು. ಯಾರಿಗೆ ಕಾಣುತ್ತೆ?"

"ಕಾಣೋದು ಬಿಡೋದು ನನಗೆ ಬೇಕಿಲ್ಲ," ಎಂದು ಗುಮಾಸ್ತ ಒಂದು ಬ್ಯಾಡ್ಜನ್ನು ಗಾಜಿನ ಕೆಳಗೆ ಎಳೆದುಕೊಂಡ. ಸೂಜಿಯ ತುದಿಯನ್ನು ಹೊಲಿಗೆಯಿಂದ ಹೊಲಿಗೆಗೆ ಇಡುತ್ತ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಎಣಿಸತೊಡಗಿದ. ಒಂದು. ಎರಡು. ಮೂರು. ಪಟ್ಟಿಯಮ್ಮ ಗಂಟನ್ನು ನೆಲಕ್ಕಿಟ್ಟು ಕೈಕಟ್ಟಿ ನಿಂತಳು. ಹದಿನೇಳು. ಹದಿನೆಂಟು. ಹತ್ತೊಂಬತ್ತು. ಅವಳ ತುಟಿ ಒಂದು ಸಲ ಅಲ್ಲಾಡಿತು.

ಗುಮಾಸ್ತ ಮೂವತ್ತಕ್ಕೆ ನಿಂತ. ಬ್ಯಾಡ್ಜನ್ನು ಪ್ರತಿನಿಧಿಯ ಕಡೆಗೆ ತಳ್ಳಿದ.

"ಅಷ್ಟೂ ವಾಪಸು ತಗೊಂಡು ಹೋಗಿ. ಒಂದು ಕಡಿಮೆ ಇದೆ."

"ಒಂದೇ ಒಂದು ಹೊಲಿಗೆಗಾ ಸಾರ್?"

"ಮೂವತ್ತೊಂದು ಇರಬೇಕು," ಎಂದ ಗುಮಾಸ್ತ. "ಮಾದರಿಯಲ್ಲಿ ಹೇಗಿದೆಯೋ ಹಾಗೆ."